ಬೆಳಕೇ ಮೇವು: ಗಾಜಿನ ತೊಟ್ಟಿಯಲ್ಲಿ ಕಪ್ಪೆಚಿಪ್ಪು ಹಸಿದ ಕತೆ

ಪ್ಯಾರಿಸ್ ನಗರದ ಸೇಂಟ್ ಸುಲ್ಪೀಸ್ ಚರ್ಚಿನಲ್ಲಿ ಪವಿತ್ರ ಜಲ ಇಡುವುದಕ್ಕೆ ಎರಡು ಭಾರಿ ಚಿಪ್ಪುಗಳಿವೆ. ವೆನಿಸ್ ಗಣರಾಜ್ಯ ಅವನ್ನು ಫ್ರಾನ್ಸಿನ ದೊರೆ ಮೊದಲನೇ ಫ್ರಾನ್ಸಿಸ್‌ಗೆ ಉಡುಗೊರೆಯಾಗಿ ಕೊಟ್ಟಿತ್ತು. ಮುಂದೆ ಹದಿನೈದನೇ ಲೂಯಿ ಅವನ್ನು ಚರ್ಚಿಗೆ ದಾನ ಮಾಡಿದ. ಕೂಸನ್ನು ಮಲಗಿಸಬಹುದಾದಷ್ಟು ಅಗಲದ ಚಿಪ್ಪುಗಳು. ಶತಮಾನಗಳ ಕಾಲ ಜನ ಅದರೊಳಗೆ ಕೈ ಅದ್ದಿ ಹೋದರು. ಈ ಚಿಪ್ಪಿನೊಳಗಿದ್ದ ಜೀವ ಏನು ತಿಂದು ಇಷ್ಟು ದೊಡ್ಡದಾಯಿತು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ. ಅದರ ಮುಖ್ಯ ಆಹಾರ ಬಿಸಿಲು.

ವಿಜ್ಞಾನಿಗಳಿಗೆ ಇದು ಗೊತ್ತಾದ ಎಷ್ಟೋ ವರ್ಷಗಳ ಮೇಲೂ, ಮನೆಯ ಗಾಜಿನ ತೊಟ್ಟಿಯಲ್ಲಿ ಈ ಜೀವಿಯನ್ನು ಸಾಕಿದವರು ಅದನ್ನು ತಿಳಿಯದೆ ಉಪವಾಸ ಕೆಡವಿ ಕೊಂದಿದ್ದಾರೆ. ನೀರು ಸ್ವಚ್ಛ, ಉಪ್ಪು ಸರಿ, ದೀಪವೂ ಉರಿಯುತ್ತಿತ್ತು. ಆದರೂ ಕೆಲವು ತಿಂಗಳಲ್ಲಿ ಚಿಪ್ಪು ಬಾಯಿ ಬಿಟ್ಟು ಸಾಯುತ್ತಿತ್ತು. ಮನುಷ್ಯ ಬೆಳಕನ್ನು ನೋಡುವುದಕ್ಕೆ ಬಳಸುತ್ತಾನೆ, ಈ ಜೀವಿ ಅದನ್ನು ಉಣ್ಣುತ್ತದೆ. ಈ ವ್ಯತ್ಯಾಸ ಅರ್ಥವಾಗಲು ಹಿಡಿದ ಕಾಲದ ಕತೆ ಇದು.

ಬಿಸಿಲು ಕಾಯುವ ಚಿಪ್ಪು

ಇಂಗ್ಲಿಷ್‌ನಲ್ಲಿ ಇದನ್ನು ಜೈಂಟ್ ಕ್ಲಾಮ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಟ್ರೈಡಾಕ್ನಾ. ನಾವಿಲ್ಲಿ ಸುಲಭಕ್ಕೆ ಕ್ಲಾಮ್ ಎನ್ನೋಣ.

ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಿಂದ ಹೆಕ್ಕುವ ಬಳಚು, ಮಂಗಳೂರು ಕಡೆಯ ಮರುವಾಯಿ, ಇವೆಲ್ಲ ಇದರ ದೂರದ ನೆಂಟರು. ಆದರೆ ಬದುಕುವ ರೀತಿ ಬೇರೆ. ಬಳಚು ಕೆಸರಲ್ಲಿ ಹೂತುಕೊಂಡು, ನೀರನ್ನು ಒಳಗೆಳೆದು, ಅದರಲ್ಲಿನ ಸಣ್ಣ ಕಣಗಳನ್ನು ಸೋಸಿ ತಿನ್ನುತ್ತದೆ. ಬೆಳಕು ಅದಕ್ಕೆ ಬೇಕಿಲ್ಲ.

ಟ್ರೈಡಾಕ್ನಾ ಇರುವುದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಬೆಚ್ಚಗಿನ ಹವಳದ ದಿಬ್ಬಗಳ ಮೇಲೆ. ಅದು ಬಾಯಿಯನ್ನು ಆಕಾಶಕ್ಕೆ ಮಾಡಿ ಕೂರುತ್ತದೆ. ಹಗಲಲ್ಲಿ ಚಿಪ್ಪು ತೆರೆದು, ನೀಲಿ, ಹಸಿರು, ಕಂದು, ನೇರಳೆ ಬಣ್ಣದ ದಪ್ಪ ಮಾಂಸವನ್ನು ಸೀರೆಯ ಸೆರಗಿನ ಹಾಗೆ ಹೊರಗೆ ಹರಡುತ್ತದೆ. ಸೆರಗಿನ ಅಂಚಿನಲ್ಲಿ ನೂರಾರು ಪುಟ್ಟ ಕಣ್ಣುಗಳಿವೆ. ಮೀನಿನ ನೆರಳು ಬಿದ್ದರೆ ಸಾಕು, ಸೆರಗು ಒಳಗೆ ಸರಿಯುತ್ತದೆ.

ಇವುಗಳಲ್ಲಿ ಅತಿ ದೊಡ್ಡದಾದ ಟ್ರೈಡಾಕ್ನಾ ಗಿಗಾಸ್ ನಾಲ್ಕು ಅಡಿ ಉದ್ದ, 200 ಕಿಲೋಗೂ ಹೆಚ್ಚು ತೂಕ ಬೆಳೆಯುತ್ತದೆ. ಹವಳದ ದಿಬ್ಬದ ಸುತ್ತಲಿನ ನೀರು ಕನ್ನಡಿಯಷ್ಟು ತಿಳಿ. ತಿಳಿನೀರು ಅಂದರೆ ಅದರಲ್ಲಿ ತಿನ್ನಲು ಹೆಚ್ಚೇನೂ ಇಲ್ಲ ಎಂದರ್ಥ. ಅಂಥ ಬಡ ನೀರಿನಲ್ಲಿ ಇಷ್ಟು ದೊಡ್ಡ ಪ್ರಾಣಿ ಹೇಗೆ?

1928: ಲೋ ಐಲ್ಸ್ ದ್ವೀಪದಲ್ಲಿ

ಈ ಪ್ರಶ್ನೆ ಹಿಡಿದು ಕೂತವರು ಬ್ರಿಟನ್ನಿನ ಜೀವವಿಜ್ಞಾನಿ ಮಾರಿಸ್ ಯಾಂಗ್. 1928ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ಸಂಶೋಧನಾ ತಂಡಕ್ಕೆ ಅವರೇ ನಾಯಕ. ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಯ ಲೋ ಐಲ್ಸ್ ಎಂಬ ಪುಟ್ಟ ದ್ವೀಪದಲ್ಲಿ ತಂಡ ಸುಮಾರು ಒಂದು ವರ್ಷ ಬೀಡುಬಿಟ್ಟಿತು. ಹವಳಗಳನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿಟ್ಟು ಏನಾಗುತ್ತದೆಂದು ನೋಡುವಂಥ ಪ್ರಯೋಗಗಳು ಅಲ್ಲಿ ನಡೆದವು.

ಕ್ಲಾಮ್‌ನ ಸೆರಗಿನೊಳಗೆ ಸೂಕ್ಷ್ಮ ಪಾಚಿ ತುಂಬಿಕೊಂಡಿರುವುದನ್ನು ಯಾಂಗ್ ವಿವರವಾಗಿ ಅಧ್ಯಯನ ಮಾಡಿದರು. 1936ರಲ್ಲಿ ಪ್ರಕಟವಾದ ಅವರ ವರದಿಯ ಸಾರ ಇಷ್ಟು: ಈ ಪ್ರಾಣಿ ತನ್ನ ಮೈಯೊಳಗೇ ಬೇಸಾಯ ಮಾಡುತ್ತದೆ. ಸೆರಗು ಅದರ ಹೊಲ, ಪಾಚಿ ಅದರ ಬೆಳೆ. ಬಿಸಿಲಿಗೆ ಹೊಲ ಹರಡಿ ಬೆಳೆ ತೆಗೆಯುತ್ತದೆ.

ಯಾಂಗ್ ಹೇಳಿದ್ದರಲ್ಲಿ ಒಂದು ಭಾಗವನ್ನು ಮುಂದಿನವರು ತಿದ್ದಿದರು. ಕ್ಲಾಮ್ ಪಾಚಿಯನ್ನೇ ಕೊಯ್ದು ಜೀರ್ಣಿಸಿಕೊಳ್ಳುತ್ತದೆ ಎಂದು ಅವರು ನಂಬಿದ್ದರು. 1967ರಲ್ಲಿ ಅಮೆರಿಕದ ಲಿಯೊನಾರ್ಡ್ ಮಸ್ಕಟೀನ್ ಬೇರೊಂದು ದಾರಿ ತೋರಿಸಿದರು. ಬೆಳಕಿನಲ್ಲಿ ಪಾಚಿ ತಯಾರಿಸಿದ ಆಹಾರವನ್ನು ಗ್ಲಿಸರಾಲ್‌ನಂಥ ರೂಪದಲ್ಲಿ ಹೊರಗೆ ಬಿಡುತ್ತದೆ, ಹಾಗೆ ಬಿಡುವಂತೆ ಮಾಡುವುದು ಸಾಕಿದ ಪ್ರಾಣಿಯೇ. ಅಂದರೆ ಇದು ಬೆಳೆ ಕೊಯ್ಯುವುದಕ್ಕಿಂತ ಹಾಲು ಕರೆಯುವುದಕ್ಕೆ ಹತ್ತಿರ. ಹಸು ಉಳಿಯುತ್ತದೆ, ಹಾಲು ಸಿಗುತ್ತದೆ. 1992ರಲ್ಲಿ ಇನ್ನೊಂದು ತಂಡ, ಹೊಟ್ಟೆಯಿಂದ ಕವಲೊಡೆದು ಸೆರಗಿಗೆ ಹಬ್ಬಿದ ಸಣ್ಣ ಕೊಳವೆಗಳಲ್ಲಿ ಈ ಪಾಚಿ ವಾಸಿಸುತ್ತದೆಂದು ವಿವರಿಸಿತು.

ಕ್ಲಾಮ್ ನೀರು ಸೋಸಿ ತಿನ್ನುವುದನ್ನೂ ಬಿಟ್ಟಿಲ್ಲ. ಎಳೆಯದಿದ್ದಾಗ ಸೋಸಿದ ಆಹಾರದ ಪಾಲು ಹೆಚ್ಚು. ಬೆಳೆದಂತೆ ಬೆಳಕಿನ ಪಾಲು ಏರುತ್ತದೆ. ಆದರೆ ಬೆಳಕೇ ಇಲ್ಲದೆ ಅದು ಉಳಿಯುವುದಿಲ್ಲ.

ಬೆಳಕಿಗೆ ಹೆದರಿದ ಕಾಲ

ಗಾಜಿನ ತೊಟ್ಟಿಯಲ್ಲಿ ಸಮುದ್ರ ಇಡುವ ಹವ್ಯಾಸ ಶುರುವಾದದ್ದು ಇಂಗ್ಲೆಂಡಿನಲ್ಲಿ, 19ನೇ ಶತಮಾನದ ನಡುವಿಗೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕ ಈ ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿತು.

ಅವರು ಸಾಕಿದ್ದು ತಮ್ಮ ತಂಪು ಕಡಲಿನ ಜೀವಿಗಳನ್ನು. ಅಂಥ ತೊಟ್ಟಿಗೆ ಬಿಸಿಲು ಹೆಚ್ಚಾದರೆ ನೀರು ಬಿಸಿಯಾಗುತ್ತದೆ, ಗಾಜಿಗೆ ಹಸಿರು ಕಟ್ಟುತ್ತದೆ. ಹಾಗಾಗಿ ಬೆಳಕೆಂದರೆ ಉಪದ್ರವ ಎಂಬ ಭಾವನೆ ಬೇರೂರಿತು. ಮುಂದೆ ಮನೆಗಳಿಗೆ ವಿದ್ಯುತ್ ಬಂದಾಗಲೂ ತೊಟ್ಟಿಯ ಮೇಲೆ ಹಾಕಿದ ದೀಪ ಮೀನು ಕಾಣುವುದಕ್ಕೆ ಮಾತ್ರ.

ಈ ಯೋಚನೆಗೆ ಎದುರಾಗಿ ನಿಂತವರು ಇಂಡೊನೇಷ್ಯಾದ ಜಕಾರ್ತದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಒಂದು ಅಕ್ವೇರಿಯಂ ಮಾಸಿಕದಲ್ಲಿ ಅವರು ತಮ್ಮ ವಿಧಾನ ಬರೆದರು. ಸಮುದ್ರದಿಂದ ತಂದ ಜೀವಂತ ಕಲ್ಲು, ಗಾಳಿಯ ಗುಳ್ಳೆ, ಧಾರಾಳ ಬಿಸಿಲು. ಇಷ್ಟರಲ್ಲೇ ಹವಳಗಳು ಅವರಲ್ಲಿ ಬದುಕುತ್ತಿದ್ದವು. ಜಕಾರ್ತದ ಬಿಸಿಲು ಹವಳದ ದಿಬ್ಬದ ಬಿಸಿಲೇ. ಯುರೋಪ್, ಅಮೆರಿಕದ ಕಿಟಕಿಯ ಬಿಸಿಲಿಗೆ ಆ ಕಸುವಿಲ್ಲ. ಅಲ್ಲಿ ಅನುಕರಿಸಿದ ಹೆಚ್ಚಿನವರು ಸೋತರು.

ಬರ್ಲಿನ್‌ನ ಉತ್ತರ

ಬಿಸಿಲಿಲ್ಲದ ಊರಿನಲ್ಲಿ ಬಿಸಿಲನ್ನು ತಯಾರಿಸಬೇಕಾಯಿತು. ಕ್ರೀಡಾಂಗಣ, ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಮೆಟಲ್ ಹ್ಯಾಲೈಡ್ ದೀಪವನ್ನು ಜರ್ಮನಿಯ ಹವ್ಯಾಸಿಗಳು ತೊಟ್ಟಿಯ ಮೇಲೆ ತೂಗುಹಾಕಿದರು. ಬರ್ಲಿನ್‌ನ ಡೀಟ್ರಿಷ್ ಸ್ಟ್ಯೂಬರ್ ಮತ್ತು ಅವರ ಸಂಗಡಿಗರ ವಿಧಾನಕ್ಕೆ ಮುಂದೆ ಬರ್ಲಿನ್ ಪದ್ಧತಿ ಎಂದೇ ಹೆಸರಾಯಿತು. ಜೀವಂತ ಕಲ್ಲು, ನೊರೆಯ ಮೂಲಕ ಕೊಳೆ ತೆಗೆಯುವ ಯಂತ್ರ, ಕಣ್ಣು ಕುಕ್ಕುವ ದೀಪ, ಈ ಮೂರು ಅದರ ಕಂಬಗಳು. 1986ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನಮಾಲೆ, ಪುಟ್ಟ ಹವಳದ ದಿಬ್ಬವನ್ನು ಮನೆಯಲ್ಲಿಡುವ ಆಸೆಯನ್ನು ಅಲ್ಲಿಯೂ ಹಚ್ಚಿತು.

ಇದೇ ಕಾಲಕ್ಕೆ ಪೆಸಿಫಿಕ್‌ನ ಪಲಾವ್ ದ್ವೀಪದಲ್ಲಿ ಇನ್ನೊಂದು ಕೆಲಸ ನಡೆದಿತ್ತು. ವಿದೇಶಿ ದೋಣಿಗಳು ದಿಬ್ಬಗಳಿಗೆ ನುಗ್ಗಿ, ಕ್ಲಾಮ್‌ನ ಚಿಪ್ಪು ಮುಚ್ಚುವ ಸ್ನಾಯುವನ್ನಷ್ಟೇ ಕತ್ತರಿಸಿ ಒಯ್ಯುತ್ತಿದ್ದವು. ಉಳಿದದ್ದು ಅಲ್ಲೇ ಕೊಳೆಯುತ್ತಿತ್ತು. ಪೆಸಿಫಿಕ್‌ನ ಕೆಲವು ಕಡೆ ಟ್ರೈಡಾಕ್ನಾ ಗಿಗಾಸ್ ನಾಮಾವಶೇಷವಾಯಿತು. 1983ರಲ್ಲಿ ಎರಡು ದೊಡ್ಡ ಜಾತಿಗಳು, 1985ರಲ್ಲಿ ಇಡೀ ಕುಟುಂಬ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದವು. ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ ಎಂದಾಯಿತು.

ಪಲಾವ್‌ನ ಕೇಂದ್ರದಲ್ಲಿ ಜೆರಾಲ್ಡ್ ಹೆಸ್ಲಿಂಗಾ ಮತ್ತು ಸಂಗಡಿಗರು ಕ್ಲಾಮ್‌ನ ಮರಿಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವುದನ್ನು ಸಾಧಿಸಿದರು. ನಮ್ಮ ಸಸಿಮಡಿಯ ಹಾಗೆಯೇ ಅದು. ಮೊಟ್ಟೆಯೊಡೆದ ಮರಿ ಕೆಲವು ದಿನ ಈಜಾಡಿ ತಳ ಸೇರುತ್ತದೆ. ತಾಯಿಯಿಂದ ಅದಕ್ಕೆ ಪಾಚಿ ಬರುವುದಿಲ್ಲ, ಸುತ್ತಲಿನ ನೀರಿನಿಂದಲೇ ನುಂಗಿ ಸೆರಗಿನಲ್ಲಿ ನೆಲೆಗೊಳಿಸಬೇಕು. ಆಮೇಲೆ ಆಳವಿಲ್ಲದ ತೊಟ್ಟಿಯಲ್ಲಿ, ಬಿಸಿಲಿನಲ್ಲಿ, ಹರಿವ ನೀರಿನಲ್ಲಿ ಬೆಳೆಯುತ್ತದೆ. ಮೇವು ಖರೀದಿಸುವ ಖರ್ಚೇ ಕಡಿಮೆ. ಇಂಥ ಕೇಂದ್ರಗಳಿಂದ ಬೆರಳುದ್ದದ ಮರಿಗಳು ಅಕ್ವೇರಿಯಂ ಮಾರುಕಟ್ಟೆಗೆ ಬಂದವು.

ಚಿಕ್ಕ ತೊಟ್ಟಿಯ ಇಕ್ಕಟ್ಟು

ಇಲ್ಲಿಂದ ಮುಂದೆ ಕತೆ ಚಿಕ್ಕ ತೊಟ್ಟಿಯದು. 80 ಅಥವಾ 100 ಲೀಟರ್ ನೀರು ಹಿಡಿಯುವ, ಮೇಜಿನ ಮೇಲೆ ಕೂರುವಂಥದ್ದು.

ಚಿಕ್ಕ ತೊಟ್ಟಿಗೆ ಚಿಕ್ಕ ಜಾತಿಯೇ ಬೇಕು. ಡೆರಾಸಾ ಎರಡು ಅಡಿಯವರೆಗೆ ಬೆಳೆಯುತ್ತದೆ, ಸ್ಕ್ವಾಮೋಸಾ ಒಂದು ಅಡಿ ದಾಟುತ್ತದೆ. ಗೇಣುದ್ದದೊಳಗೆ ಉಳಿಯುವುದು ಕ್ರೋಸಿಯಾ. ಮ್ಯಾಕ್ಸಿಮಾ ಒಂದು ಅಡಿಯ ಹತ್ತಿರ ಬರುತ್ತದಾದರೂ ನಿಧಾನವಾಗಿ ಬೆಳೆಯುತ್ತದೆ. ಬಣ್ಣದಲ್ಲೂ ಇವೆರಡೇ ಸೊಗಸು. ಆದ್ದರಿಂದ ಜನ ಇವನ್ನೇ ಕೊಂಡರು.

ತೊಡಕು ಇರುವುದೂ ಇಲ್ಲೇ. ಕ್ರೋಸಿಯಾ ಆಳವಿಲ್ಲದ ಕಡೆ ಹವಳದ ಕಲ್ಲಿನೊಳಗೆ ಕೊರೆದು ಕೂರುವ ಜೀವಿ. ಇಳಿತದಲ್ಲಿ ನಡುಹಗಲ ಬಿಸಿಲು ನೇರ ಅದರ ಮೇಲೆ. ಮ್ಯಾಕ್ಸಿಮಾ ಕೂಡ ಮೇಲಿನ ನೀರಿನ ವಾಸಿ. ಕೆಂಪು ಸಮುದ್ರದಲ್ಲಿ ನಡೆದ ಅಧ್ಯಯನವೊಂದರ ಪ್ರಕಾರ ಮ್ಯಾಕ್ಸಿಮಾ ಸಿಕ್ಕಿದ್ದು 17 ಮೀಟರ್ ಆಳದವರೆಗೆ ಮಾತ್ರ, ಸ್ಕ್ವಾಮೋಸಾ 42 ಮೀಟರ್‌ವರೆಗೆ. ಅಂದರೆ ಚಿಕ್ಕ ತೊಟ್ಟಿಗೆ ಹೊಂದುವ ಜಾತಿಗಳೇ ಅತಿ ಹೆಚ್ಚು ಬೆಳಕು ಬೇಡುವ ಜಾತಿಗಳು. ಚಿಕ್ಕ ತೊಟ್ಟಿಯ ಜೊತೆ ಅಂಗಡಿಯವರು ಕೊಡುತ್ತಿದ್ದುದೋ ಒಂದೆರಡು ಟ್ಯೂಬ್‌ಲೈಟ್.

ಮೆಟಲ್ ಹ್ಯಾಲೈಡ್ ಹಾಕೋಣವೆಂದರೆ ಅದು ಒಲೆ. 150 ಅಥವಾ 250 ವ್ಯಾಟ್‌ನ ದೀಪ ನೂರು ಲೀಟರ್ ನೀರಿನ ಮೇಲೆ ದಿನಕ್ಕೆ ಎಂಟು ಹತ್ತು ಗಂಟೆ ಉರಿದರೆ ನೀರು ಕಾಯುತ್ತದೆ. ಆವಿಯಾದಂತೆ ಉಪ್ಪಿನ ಪ್ರಮಾಣ ಏರುತ್ತದೆ. ಕೆರೆಯಲ್ಲಿ ಗೊತ್ತಾಗದ ಏರುಪೇರು ಬಿಂದಿಗೆಯಲ್ಲಿ ಗೊತ್ತಾಗುತ್ತದಲ್ಲ, ಹಾಗೆ. ಫ್ಯಾನ್ ಬೇಕು, ನೀರು ತಣಿಸುವ ಯಂತ್ರ ಬೇಕು, ಕರೆಂಟ್ ಬಿಲ್ ಕಟ್ಟಬೇಕು. ಹಸಿವು ತಪ್ಪಿಸಲು ಹೋಗಿ ಬೇಯಿಸಿದಂತಾಗುತ್ತಿತ್ತು.

ಕಣ್ಣು ಹೇಳಿದ ಸುಳ್ಳು

ಎಷ್ಟು ಬೆಳಕು ಸಾಕು ಎಂದು ಅಳೆಯುವುದಾದರೂ ಹೇಗೆ? ಬಹುಕಾಲ ಬಳಕೆಯಲ್ಲಿದ್ದ ಲೆಕ್ಕ ವ್ಯಾಟ್‌ನದು: ಇಷ್ಟು ನೀರಿಗೆ ಇಷ್ಟು ವ್ಯಾಟ್. ಆದರೆ ವ್ಯಾಟ್ ಹೇಳುವುದು ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದನ್ನು. ಕ್ಲಾಮ್‌ಗೆ ಎಷ್ಟು ಬೆಳಕು ಮುಟ್ಟಿತು ಎಂಬುದನ್ನಲ್ಲ. ಪಂಪ್‌ಸೆಟ್ ಎಷ್ಟು ಎಚ್‌ಪಿ ಎಂದು ತಿಳಿದರೆ ಕೊನೆಯ ಪಾತಿಗೆ ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆಯೇ?

ಎರಡನೆಯ ಅಳತೆ ಲಕ್ಸ್. ಅದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರು ಮತ್ತು ಹಳದಿಗೆ ಚುರುಕು, ನೀಲಿಗೆ ಮಂದ. ಪಾಚಿ ಚೆನ್ನಾಗಿ ಹೀರುವುದು ನೀಲಿಯನ್ನು. ಸಮುದ್ರದ ನೀರು ಕೆಂಪನ್ನು ಬೇಗ ನುಂಗಿ ನೀಲಿಯನ್ನು ಆಳಕ್ಕೆ ಬಿಡುತ್ತದೆ. ಇನ್ನೊಂದು ತೊಂದರೆ: ನಮ್ಮ ಕಣ್ಣಿನ ಪಾಪೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಕೋಣೆಯ ಬೆಳಕಿಗೂ ಅಂಗಳದ ಬಿಸಿಲಿಗೂ ನೂರಾರು ಪಟ್ಟು ಅಂತರವಿದ್ದರೂ ನಮಗೆ ಎರಡೂ ಬೆಳಕೇ. ಹುಣಸೆ ಮರದ ಬುಡದಲ್ಲಿ ಕೂತು ಪೇಪರ್ ಓದಬಹುದು. ಅಲ್ಲಿ ರಾಗಿ ಬೆಳೆಯುವುದಿಲ್ಲ ಎಂದು ರೈತನಿಗೆ ಗೊತ್ತು.

ರೈತನ ಆ ತಿಳಿವಳಿಕೆಯನ್ನು ಅಂಕಿಯಲ್ಲಿ ಹೇಳುವ ಅಳತೆಯೇ ಪಾರ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಸಸ್ಯಕ್ಕೆ ಉಪಯೋಗವಾಗುವ ಬೆಳಕಿನ ಕಣಗಳು ಎಷ್ಟು ಬಿದ್ದವು ಎಂಬ ಎಣಿಕೆ ಅದು. ಬೇಸಿಗೆಯ ನಡುಹಗಲ ಬಿಸಿಲು ಸುಮಾರು 2000. ಸಸ್ಯವಿಜ್ಞಾನಿಗಳು 1970ರ ದಶಕದಿಂದಲೇ ಬಳಸುತ್ತಿದ್ದ ಈ ಅಳತೆ ಅಕ್ವೇರಿಯಂ ಹವ್ಯಾಸಿಗಳಿಗೆ ರೂಢಿಯಾದದ್ದು ತಡವಾಗಿ.

ಅದರಲ್ಲಿ ಒಂದು ಹೆಸರು ಹೇಳಲೇಬೇಕು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪ್ರಾಧ್ಯಾಪಕ ಸಂಜಯ್ ಜೋಶಿ, ಸ್ವತಃ ಹವಳ ಸಾಕುವವರು. ಮಾರುಕಟ್ಟೆಯಲ್ಲಿದ್ದ ಮೆಟಲ್ ಹ್ಯಾಲೈಡ್ ಬಲ್ಬುಗಳನ್ನು ಒಂದೊಂದಾಗಿ ಅಳೆದು, ಫಲಿತಾಂಶವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ಒಂದೇ ವ್ಯಾಟ್‌ನ ಎರಡು ಬಲ್ಬುಗಳು ಕೊಡುವ ಬೆಳಕಿನಲ್ಲಿ ಎಷ್ಟು ದೊಡ್ಡ ಅಂತರ ಇರಬಹುದೆಂದು ಆಗ ಎಲ್ಲರಿಗೂ ಕಂಡಿತು. ವ್ಯಾಟ್ ಲೆಕ್ಕದ ಬೇರು ಅಲ್ಲಾಡಿತು.

ನೀಲಿ ದೀಪ ಬಂತು

ಚಿಕ್ಕ ತೊಟ್ಟಿಯ ಇಕ್ಕಟ್ಟು ಬಿಡಿಸಿದ್ದು ಎಲ್‌ಇಡಿ. ಕೆಂಪು, ಹಸಿರು ಎಲ್‌ಇಡಿ ಮೊದಲೇ ಇದ್ದವು. ಪ್ರಖರವಾದ ನೀಲಿ ಮಾತ್ರ ದಶಕಗಳ ಕಾಲ ಕೈಗೆ ಸಿಗಲಿಲ್ಲ. ಜಪಾನಿನಲ್ಲಿ ಅಕಸಾಕಿ, ಅಮಾನೊ ಒಂದು ಕಡೆ, ನಕಮುರ ಇನ್ನೊಂದು ಕಡೆ ದುಡಿದು 1990ರ ದಶಕದ ಆರಂಭಕ್ಕೆ ಅದನ್ನು ಸಾಧಿಸಿದರು. 2014ರಲ್ಲಿ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಎಷ್ಟೋ ಫೋನುಗಳ ಪರದೆಯ ಬೆಳಕಿಗೂ ಅದೇ ಮೂಲ.

ನೀಲಿ ಸಿಕ್ಕ ಮೇಲೆ, 2000ದ ದಶಕದ ಕೊನೆಗೆ ಅಕ್ವೇರಿಯಂ ದೀಪಗಳೂ ಬದಲಾಗತೊಡಗಿದವು. ಎಲ್‌ಇಡಿ ತನ್ನ ಬಿಸಿಯನ್ನು ನೀರಿನ ಕಡೆಗೆ ಎಸೆಯದೆ ಬೆನ್ನಿನ ಲೋಹದ ಪಟ್ಟಿಯ ಮೂಲಕ ಮೇಲಕ್ಕೆ ಬಿಡುತ್ತದೆ. ಕಡಿಮೆ ಕರೆಂಟಿನಲ್ಲಿ, ಪಾಚಿಗೆ ಬೇಕಾದ ಬಣ್ಣವನ್ನೇ ಹೆಚ್ಚಾಗಿ ಕೊಡಬಹುದು. ಒಂದು ಅಡಿ ಆಳದ ತೊಟ್ಟಿಯಲ್ಲೂ ಕ್ರೋಸಿಯಾಗೆ ಹೊಟ್ಟೆ ತುಂಬಿಸುವುದು ಸಾಧ್ಯವಾಯಿತು.

ಅದೇ 2014ರಲ್ಲಿ ಅಲಿಸನ್ ಸ್ವೀನಿ ಮತ್ತು ತಂಡ ಕ್ಲಾಮ್‌ನ ಬಣ್ಣದ ಗುಟ್ಟನ್ನೂ ವಿವರಿಸಿತು. ಸೆರಗಿನ ಮೇಲ್ಪದರದಲ್ಲಿ ಹೊಳೆಯುವ ಜೀವಕೋಶಗಳಿವೆ. ಅವು ಬೇಡದ ಬಣ್ಣವನ್ನು ಹಿಂದಕ್ಕೆ ಎಸೆಯುತ್ತವೆ. ಬೇಕಾದ ಬೆಳಕನ್ನು ಹದವಾಗಿ ಚದುರಿಸಿ ಕೆಳಗೆ ಕಳಿಸುತ್ತವೆ. ಕೆಳಗೆ ಪಾಚಿ ಸಣ್ಣ ಕಂಬಗಳ ಹಾಗೆ ಸಾಲಾಗಿ ನಿಂತಿದೆ. ಮೇಲಿನ ಪಾಚಿ ಸುಡುವುದಿಲ್ಲ, ಕೆಳಗಿನದು ಹಸಿಯುವುದಿಲ್ಲ. ತೆಂಗು, ಅಡಿಕೆ, ಬಾಳೆ, ಏಲಕ್ಕಿ ಒಂದೇ ತೋಟದಲ್ಲಿ ಬಿಸಿಲು ಹಂಚಿಕೊಳ್ಳುವ ಹಾಗೆ. ನಾವು ಅಂದ ಎಂದು ನೋಡುವ ನೀಲಿ ಹೊಳಪು ಅದರ ಅಡುಗೆಮನೆಯ ವ್ಯವಸ್ಥೆ.

ಸಾಕುವವರು ಕಲಿತದ್ದು

ಇಷ್ಟು ಇತಿಹಾಸದಿಂದ ಉಳಿದ ಪಾಠಗಳು ಕೆಲವೇ. ಮ್ಯಾಕ್ಸಿಮಾ, ಕ್ರೋಸಿಯಾ ಸಾಕುವವರು ಸಾಮಾನ್ಯವಾಗಿ ಚಿಪ್ಪು ಕೂತ ಜಾಗದಲ್ಲೇ 250ರಿಂದ 400 ಪಾರ್ ಇರುವಂತೆ ನೋಡಿಕೊಳ್ಳುತ್ತಾರೆ. ಸ್ಕ್ವಾಮೋಸಾ, ಡೆರಾಸಾಗೆ ಅದಕ್ಕಿಂತ ಕಡಿಮೆ ಸಾಕು. ಅಳೆಯಬೇಕಾದ್ದು ದೀಪದ ಬಾಯಲ್ಲಲ್ಲ, ಕ್ಲಾಮ್‌ನ ಸೆರಗಿನ ಮಟ್ಟದಲ್ಲಿ. ಹೊಸ ದೀಪ ಹಾಕಿದರೆ ಒಮ್ಮೆಗೇ ಪೂರ್ತಿ ಬಿಡಬಾರದು. ನೆರಳುಬಲೆಯ ಸಸಿಯನ್ನು ಬಿಸಿಲಿಗೆ ಹೊಂದಿಸುವಂತೆ ವಾರಗಟ್ಟಲೆ ಏರಿಸಬೇಕು.

ಕ್ಲಾಮ್ ತಾನೇ ಲೆಕ್ಕ ಹೇಳುತ್ತದೆ. ಚಿಪ್ಪಿನ ಮೇಲಂಚಿನಲ್ಲಿ ಹೊಸ ಬಿಳಿ ಗೆರೆ ಬೆಳೆಯುತ್ತಿದ್ದರೆ ಹೊಟ್ಟೆ ತುಂಬಿದೆ. ಗೆರೆ ನಿಂತು, ಸೆರಗು ಬಿಳಿಚಿಕೊಂಡು, ನೆರಳು ಬಿದ್ದರೂ ಚಿಪ್ಪು ತಟ್ಟನೆ ಮುಚ್ಚದಿದ್ದರೆ ಅಪಾಯ ಹತ್ತಿರ. ಹಸಿದ ದನದಂತೆ ಅದು ಕೂಗುವುದಿಲ್ಲ. ಕೂಡಿಟ್ಟದ್ದನ್ನು ಕರಗಿಸುತ್ತ ತಿಂಗಳುಗಟ್ಟಲೆ ಚೆನ್ನಾಗಿರುವಂತೆಯೇ ಕಾಣುತ್ತದೆ. ಮೂರನೇ ತಿಂಗಳ ಸಾವಿಗೆ ಕಾರಣ ಮೊದಲ ದಿನದ ದೀಪದಲ್ಲಿರುತ್ತದೆ.

ನಮ್ಮ ಕಡಲಿನ ಕ್ಲಾಮ್

ಈ ಜೀವಿ ನಮಗೆ ದೂರದ್ದೇನಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಮ್ಯಾಕ್ಸಿಮಾ, ಸ್ಕ್ವಾಮೋಸಾ ಇವೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 2001ರಲ್ಲಿ ಕೇಂದ್ರ ಸರ್ಕಾರ ಈ ಎರಡೂ ಜಾತಿಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ ಸೇರಿಸಿತು. ಹುಲಿ, ಆನೆ ಇರುವ ಪಟ್ಟಿ ಅದು. ನಮ್ಮ ಕಡಲಿನಿಂದ ಒಂದನ್ನು ಕಿತ್ತು ತಂದು ಮನೆಯ ತೊಟ್ಟಿಯಲ್ಲಿಡುವುದು ಅಪರಾಧ. ದೀಪ ಎಷ್ಟೇ ಒಳ್ಳೆಯದಿದ್ದರೂ ಸರಿ.

ಕಡಲಿನಲ್ಲೂ ಈಗ ಅವುಗಳ ಊಟ ಸುಲಭವಿಲ್ಲ. 1998, 2010, 2016ರಲ್ಲಿ ಲಕ್ಷದ್ವೀಪದ ನೀರು ಅತಿಯಾಗಿ ಕಾದು ಹವಳಗಳು ಬಿಳಿಚಿಕೊಂಡವು. ಶಾಖಕ್ಕೆ ಮೈಯೊಳಗಿನ ಪಾಚಿ ಹೊರಟುಹೋಗುತ್ತದೆ. ಕ್ಲಾಮ್‌ಗೂ ಅದೇ ಗತಿ. ತಲೆಯ ಮೇಲೆ ಬಿಸಿಲು ಸುರಿಯುತ್ತಿರುತ್ತದೆ, ಅದನ್ನು ಅನ್ನ ಮಾಡುವವರು ಒಳಗಿಲ್ಲ. ಹೂಳೆತ್ತುವಾಗ, ಬಂದರು ಕಟ್ಟುವಾಗ ಕೆಸರು ಎದ್ದು ತಿಳಿನೀರು ಮಬ್ಬಾದರೆ ಬಿಸಿಲೇ ತಳ ಮುಟ್ಟುವುದಿಲ್ಲ.

ಗಾಜಿನ ತೊಟ್ಟಿಯ ಕತ್ತಲನ್ನು ಅಳೆಯುವುದಕ್ಕೆ ಮನುಷ್ಯ ಒಂದೂವರೆ ಶತಮಾನ ತೆಗೆದುಕೊಂಡ. ತೊಟ್ಟಿಯಲ್ಲಾದರೆ ತಪ್ಪು ಗೊತ್ತಾದ ದಿನ ದೀಪ ಬದಲಿಸಬಹುದು. ಕಡಲಿಗೆ ಇರುವುದು ಒಂದೇ ದೀಪ. ಅದರ ಕೆಳಗಿನ ನೀರು ತಂಪಾಗಿ, ತಿಳಿಯಾಗಿ ಉಳಿದರಷ್ಟೇ ಅಲ್ಲಿನ ಕ್ಲಾಮ್‌ಗೆ ಊಟ.